ಎರಿ ಮಣ್ಣಿನ ಹಿತ್ತಲದಾಗ ಜಿ-ಸ್ಕೇಲ್ ಮೀಟರ್‌ಗೇಜ್ ರೈಲು: ಅಡಿಪಾಯ, ತಿರುವು, ಕರೆಂಟ್ ಬಗ್ಗೆ ಸಲಹೆ ಬೇಕು

ಜಲನಗರ, ವಿಜಯಪುರ

ಎಲ್ಲರಿಗೂ ನಮಸ್ಕಾರರಿ. ಮನಿ ಹಿಂದ 30 × 18 ಅಡಿ ಖಾಲಿ ಜಾಗ ಅದ. ಅಲ್ಲಿ ಜಿ-ಸ್ಕೇಲ್ (ತೋಟದಾಗ ಓಡಿಸೋ ದೊಡ್ಡ ಮಾದರಿ) ರೈಲು ಹಾಕಬೇಕಂತ ಅದ. ಹೋಟಗಿ–ಗದಗ ಮಾರ್ಗ ಬ್ರಾಡ್‌ಗೇಜ್ ಆಗೂಕಿಂತ ಮೊದಲು ಹೆಂಗಿತ್ತೋ ಆ ನಮೂನಿ ಬೇಕು: ಮೀಟರ್‌ಗೇಜ್ (ಅಸಲಿಯಾಗ ಎರಡು ಹಳಿ ನಡುವ ಒಂದು ಮೀಟರ್) ಹಳಿ, ಒಂದು ಸಣ್ಣ ಸ್ಟೇಷನ್ನು, ವೈಪಿ ಉಗಿ ಎಂಜಿನ್ನು ಇಲ್ಲಾ ವೈಡಿಎಂ-4 ಡೀಸೆಲ್ ಎಂಜಿನ್ನು, ಹಿಂದ ನಾಲ್ಕು ಡಬ್ಬಿ.

ಮಣ್ಣು ಪೂರಾ ಎರಿ (ಕಪ್ಪು ಮಣ್ಣು). ಏಪ್ರಿಲ್-ಮೇದಾಗ ಕೈ ಹೋಗುವಷ್ಟು ಬಿರುಕು ಬಿಡ್ತದ, ಮಳಿ ಆದ ಮ್ಯಾಲೆ ಉಬ್ಬಿ ಮುಚ್ಚಿಕೊಳ್ತದ. ಮಧ್ಯಾಹ್ನ ಪೂರ್ತಿ ಬಿಸಿಲು, ಸಂಜಿ ನಾಲ್ಕರ ಮ್ಯಾಲೆ ನೆರಳು. ನೀರು ಬೋರಿಂದು, ಭಾಳ ಗಡಸು.

ಹಳಿ ನೆಲದ ಮ್ಯಾಲೆ ಹಾಸೋದಾ, ಕಂಬದ ಮ್ಯಾಲೆ ಎತ್ತೋದಾ? ಈ ಜಾಗದಾಗ ತಿರುವಿಗೆ ಎಷ್ಟು ರೇಡಿಯಸ್ ಇಡಬಹುದು? ಎಂಟರ ಆಕಾರ ಮಾಡಿ ಒಂದು ಹಳಿ ಮ್ಯಾಲೆ ಇನ್ನೊಂದು ದಾಟಿಸೋ ಸೇತುವೆ ಆಗ್ತದೇನು? ಕರೆಂಟು ಹಳಿಯಿಂದ ಕೊಡೋದಾ, ಎಂಜಿನ್ನಿನಾಗ ಬ್ಯಾಟರಿ ಇಡೋದಾ? ವಿಡಿಯೋದಾಗ ಸಿಗೋದೆಲ್ಲಾ ಹಿಮ ಬೀಳೋ ದೇಶದ ಲೆಕ್ಕ. ನಮ್ಮ ಮಣ್ಣಿಗೆ, ನಮ್ಮ ಬಿಸಿಲಿಗೆ ಹೊಂದೋದು ಹೇಳ್ರಿ.

ನವನಗರ, ಬಾಗಲಕೋಟೆ

ಸರ, ಮೊದಲನೇ ಪ್ರಶ್ನೆ ಬಗಿಹರಿದ್ರ ಅರ್ಧ ಕೆಲಸ ಮುಗೀತು. ಎರಿ ಮಣ್ಣಿನ ಮ್ಯಾಲ ಹಳಿ ನೇರ ಹಾಸಬ್ಯಾಡ್ರಿ. ಈ ಮಣ್ಣಿನೊಳಗಿನ ಜೇಡಿ ನೀರು ಹೀರಿ ಉಬ್ಬತೈತಿ, ಒಣಗಿದ್ರ ಕುಗ್ಗತೈತಿ. ಉಬ್ಬೂದು ಎಲ್ಲಾ ಕಡೆ ಒಂದೇ ಸಮ ಇದ್ರ ಚಿಂತಿ ಇರಲಿಲ್ಲ. ಆದ್ರ ನೀರು ಬಿಟ್ಟ ಗಿಡದ ಬುಡಕ್ಕ ಒಂದು ನಮೂನಿ, ಅದರಾಚೆ ಎರಡು ಅಡಿಗೆ ಇನ್ನೊಂದು ನಮೂನಿ ಏಳತೈತಿ. ಹಳಿ ತಿರುಚಿಕೊಳ್ಳೂದು ಇದರಿಂದ. ಮನಿ ಕಟ್ಟೋರು ಇಂಥಾ ನೆಲದಾಗ ಅಂಡರ್-ರೀಮ್ಡ್ ಪೈಲ್ (ಬುಡ ಅಗಲ ಇರೂ ಆಳದ ಕಾಂಕ್ರೀಟ್ ಕಂಬ) ಹಾಕಿ ಸುಮಾರು 3.5 ಮೀಟರ್ ಆಳಕ್ಕ ಹೋಗತಾರ. ನಮಗ ಅಷ್ಟು ಬೇಡ. ನಮಗ ಬೇಕಾಗಿದ್ದು, ನೆಲ ಅಲುಗಾಡಿದ್ರೂ ಹಳಿ ಮತ್ತ ಮಟ್ಟ ಮಾಡಾಕ ಬರೂವಂಥಾ ವ್ಯವಸ್ಥಾ.

ನೆಲದ ಮ್ಯಾಲನ ಬೇಕು ಅಂದ್ರ ಒಂದು ದಾರಿ ಐತಿ. ಹಳಿ ಹೋಗೂ ಉದ್ದಕ್ಕೂ ಒಂದು ಅಡಿ ಅಗಲ, ಒಂದೂವರೆ ಅಡಿ ಆಳ ಎರಿ ಮಣ್ಣು ತಗದು ಗರಸು ತುಂಬಬೇಕು. ಒಮ್ಮೆಲೆ ತುಂಬಬಾರದು. ನಾಲ್ಕು ಇಂಚು ಹಾಕಿ, ನೀರು ಚಿಮುಕಿಸಿ, ದಮ್ಮಸ್ ಹೊಡದು, ಮತ್ತ ನಾಲ್ಕು ಇಂಚು. ನಿಮ್ಮ ಜಾಗದಾಗ ಹಳಿ 22–23 ಮೀಟರ್ ಆಗಬಹುದು; ಅದಕ್ಕ ತುಂಬಿದ ಲೆಕ್ಕ ಒಂದು ಬ್ರಾಸ್‌ಗಿಂತ (100 ಘನ ಅಡಿ) ತುಸು ಹೆಚ್ಚು, ದಮ್ಮಸ್ ಹೊಡದ್ರ ಕೆಳಗ ಕೂಡತೈತಿ ಅಂತ ಹಿಡದು ಒಂದೂ ಕಾಲಿಂದ ಒಂದೂವರೆ ಬ್ರಾಸ್ ತರಸ್ರಿ. ಈ ಗಟಾರಕ್ಕ ಒಂದು ಕಡೆ ನೀರು ಹೊರಗ ಹೋಗಾಕ ದಾರಿ ಇರಲೇಬೇಕು. ಇಲ್ಲಂದ್ರ ಸುತ್ತಲಿನ ನೀರೆಲ್ಲಾ ಗರಸಿನೊಳಗ ಇಳಿದು ಬುಡದ ಎರಿ ಮಣ್ಣನ್ನ ಇನ್ನೂ ಹೆಚ್ಚು ಉಬ್ಬಸತೈತಿ, ಮಾಡಿದ್ದ ಉಪಕಾರ ಅಪಕಾರ ಆಗತೈತಿ.

ನನ್ನ ಒಲವು ಕಂಬದ ಕಡೆ. ಎತ್ತರ 45 ರಿಂದ 60 ಸೆಂ.ಮೀ. ಇಡ್ರಿ. ಬಗ್ಗೂದು ಕಡಿಮಿ, ಧೂಳು ಕಡಿಮಿ, ಹಾವು-ಚೇಳು ಹಳಿ ಬುಡದಾಗ ಕೂಡೂದೂ ಕಡಿಮಿ. ಮಾಡೂ ರೀತಿ ಹಿಂಗ: 25 ಸೆಂ.ಮೀ. ಚೌಕದ ಗುಂಡಿ, 75 ಸೆಂ.ಮೀ. ಆಳ, ಬುಡ ತುಸು ಅಗಲ ಮಾಡ್ರಿ. ತಳಕ್ಕ 10 ಸೆಂ.ಮೀ. ಗರಸು. ಗುಂಡಿಯ ನಾಲ್ಕೂ ಗೋಡಿಗೆ ದಪ್ಪ ಪ್ಲಾಸ್ಟಿಕ್ ಹಾಳಿ ಎರಡು ಪದರ ಹೊಚ್ಚಿ, ಆಮ್ಯಾಲ ನಡುವ ಜಿಐ (ಸತುವಿನ ಲೇಪದ ಕಬ್ಬಿಣ) ಪೈಪು ನಿಲ್ಲಿಸಿ 1:2:4 (ಸಿಮೆಂಟ್, ಉಸುಕು, ಖಡಿ) ಕಾಂಕ್ರೀಟ್ ಹಾಕ್ರಿ. ಈ ಪ್ಲಾಸ್ಟಿಕ್ ಬಿಟ್ರ ಮಣ್ಣು ಉಬ್ಬೂ ಮುಂದ ಕಾಂಕ್ರೀಟಿನ ಬದಿ ಹಿಡಕೊಂಡು ಕಂಬಾನ ಮ್ಯಾಲ ಎತ್ತತೈತಿ. ಹಾಳಿ ಇದ್ರ ಮಣ್ಣು ಜಾರಿಕೊಂಡು ಹೋಗತೈತಿ, ಕಂಬ ಅಲ್ಲೇ ಉಳೀತೈತಿ.

ಕಂಬದ ತಲಿಗೆ 6 ಮಿ.ಮೀ. ಪ್ಲೇಟ್ ವೆಲ್ಡ್ ಮಾಡಿ, ಅದರ ನಡುವ ಎಂ10 (10 ಮಿ.ಮೀ. ದಪ್ಪದ) ಥ್ರೆಡ್ ರಾಡ್ 15 ಸೆಂ.ಮೀ. ನಿಲ್ಲಸ್ರಿ. ಹಳಿ ಹೊರೂ 40 × 40 ಮಿ.ಮೀ. ಜಿಐ ಚೌಕ ಪೈಪಿನ ಬ್ರಾಕೆಟ್ ಈ ರಾಡಿಗೆ ಇಳೀಬೇಕು, ಕೆಳಗ ಒಂದು ನಟ್ಟು, ಮ್ಯಾಲ ಒಂದು ನಟ್ಟು. ಎಂ10 ರಾಡಿಗೆ ಒಂದು ಸುತ್ತಿಗೆ 1.5 ಮಿ.ಮೀ. ಮಳಿಗಾಲ ಮುಗದ ಮ್ಯಾಲ ಮಟ್ಟಪಟ್ಟಿ ಇಟ್ಟು ನೋಡಿ, ಯಾವ ಕಂಬ ಎದ್ದೈತಿ, ಯಾವುದು ಕುಂತೈತಿ ಅಂತ ಸ್ಪ್ಯಾನರ್‌ನಿಂದ ಅರ್ಧ ಸುತ್ತು, ಒಂದು ಸುತ್ತು ತಿರುವಿದ್ರ ಮುಗೀತು. ಹಳಿ ಬಿಚ್ಚಬೇಕಾಗಿಲ್ಲ. ರಾಡಿಗೆ ಗ್ರೀಸ್ ಸವರಿ ಸಣ್ಣ ಪೈಪಿನ ತುಂಡು ಮುಚ್ಚಿ ಇಡ್ರಿ, ತುಕ್ಕು ಹಿಡದ್ರ ನಟ್ಟು ತಿರುಗಂಗಿಲ್ಲ.

ನೇರ ಹಳಿಗೆ 90 ಸೆಂ.ಮೀ.ಗೆ ಒಂದು ಕಂಬ ಸಾಕು, ತಿರುವಿನಾಗ 60. ಯಾಕಂದ್ರ ಪೈಪು ನೇರ, ಹಳಿ ವಕ್ರ: 1.5 ಮೀಟರ್ ರೇಡಿಯಸ್ಸಿಗೆ 90 ಸೆಂ.ಮೀ. ಪೈಪು ಹಾಕಿದ್ರ ನಡುವ ಹಳಿ ಸುಮಾರು 7 ಸೆಂ.ಮೀ. ಆಚೆ ಸರೀತೈತಿ, 60 ಹಾಕಿದ್ರ 3 ಮಾತ್ರ. ಒಟ್ಟು 31–32 ಕಂಬ ಹಿಡೀರಿ. ಪೈಪಿನ ಮ್ಯಾಲ 12 ಮಿ.ಮೀ. ಸಿಮೆಂಟ್ ಬೋರ್ಡ್ ಪಟ್ಟಿ, 15 ಸೆಂ.ಮೀ. ಅಗಲ. ಪ್ಲೈವುಡ್ ಬ್ಯಾಡ, ಮರೀನ್ ಪ್ಲೈ ಇದ್ರೂ ಕತ್ತರಿಸಿದ ಅಂಚಿನಿಂದ ನೀರು ಹೊಕ್ಕು ಪದರ ಬಿಡತೈತಿ, ಗೆದ್ದಲೂ ಬಿಡಂಗಿಲ್ಲ.

ಟಿಳಕವಾಡಿ, ಬೆಳಗಾವಿ

ಅಡಿಪಾಯದ ಬಗ್ಗೆ ನವನಗರದವರು ಹೇಳಿದ್ದಕ್ಕೆ ನನ್ನ ಪೂರ್ತಿ ಸಹಮತ. ನಾನು ಅಳತೆಗೆ ಬರುತ್ತೇನೆ.

ನೀವು ಮೀಟರ್‌ಗೇಜ್ ಎಂದು ನಿರ್ಧರಿಸಿದ್ದು ಒಳ್ಳೆಯದಾಯಿತು, ಏಕೆಂದರೆ ತೋಟದ ರೈಲಿನ 45 ಮಿ.ಮೀ. ಅಂತರದ ಹಳಿ ಮೀಟರ್‌ಗೇಜಿಗೇ ಸರಿಯಾಗಿ ಕೂಡುತ್ತದೆ. 1000 ಮಿ.ಮೀ. ಅನ್ನು 22.5ರಿಂದ ಭಾಗಿಸಿದರೆ 44.4. ಜರ್ಮನಿಯ ಎಲ್‌ಜಿಬಿ 1968ರಲ್ಲಿ ಜಿ-ಸ್ಕೇಲ್ ಶುರು ಮಾಡಿದ್ದೂ ಇದೇ 1:22.5 ಲೆಕ್ಕದಲ್ಲಿ. ನಮ್ಮ 1676 ಮಿ.ಮೀ. ಬ್ರಾಡ್‌ಗೇಜನ್ನು ಇದೇ ಹಳಿಗೆ ಇಳಿಸಬೇಕಾದರೆ 1:37 ಆಗುತ್ತದೆ, ಆ ಅಳತೆಯ ಸಾಮಾನು ಅಂಗಡಿಯಲ್ಲಿ ಸಿಗುವುದಿಲ್ಲ. ಒಂದು ಎಚ್ಚರಿಕೆ: ಇದೇ 45 ಮಿ.ಮೀ. ಹಳಿಯ ಮೇಲೆ 1:29, 1:32, 1:20.3 ಅಳತೆಯ ಗಾಡಿಗಳೂ ಓಡುತ್ತವೆ, ಎಲ್ಲಕ್ಕೂ ಸಾಮಾನ್ಯವಾಗಿ ಜಿ ಎಂದೇ ಕರೆಯುತ್ತಾರೆ. ಡಬ್ಬದ ಮೇಲೆ ಅನುಪಾತ ನೋಡದೆ ಕೊಳ್ಳಬೇಡಿ. ಸ್ಟೇಷನ್ನಿನ ಏಳು ಅಡಿ ಬಾಗಿಲು 1:22.5ರಲ್ಲಿ 95 ಮಿ.ಮೀ., 1:32ರಲ್ಲಿ 67 ಮಿ.ಮೀ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾರ ಕಣ್ಣಿಗಾದರೂ ಹೊಡೆಯುತ್ತದೆ.

ಸಿದ್ಧವಾಗಿ ಸಿಗುವುದು ಹೆಚ್ಚಾಗಿ ಸ್ವಿಟ್ಜರ್ಲೆಂಡಿನ ರೇಟಿಯನ್ ರೈಲ್ವೆ, ಜರ್ಮನಿಯ ಹಾರ್ಜ್ ಮುಂತಾದ ಮೀಟರ್‌ಗೇಜ್ ಗಾಡಿಗಳು. ಅವುಗಳ ಚಾಸಿ ಇಟ್ಟುಕೊಂಡು ಮೇಲಿನ ದೇಹವನ್ನು ನಮ್ಮ ಮಾದರಿಗೆ ಕಟ್ಟಿಕೊಳ್ಳಬಹುದು. ವೈಡಿಎಂ-4 ಇದಕ್ಕೆ ಸುಲಭ, ಪೆಟ್ಟಿಗೆಯಾಕಾರದ ದೇಹ, ಎರಡು ಬೋಗಿ (ಕೆಳಗಿನ ಚಕ್ರಗಳ ಚೌಕಟ್ಟು). ವೈಪಿ ಕಷ್ಟದ ಕೆಲಸ: ನಾಲ್ಕೂವರೆ ಅಡಿಯ ಚಾಲಕ ಚಕ್ರ ಈ ಅಳತೆಯಲ್ಲಿ 61 ಮಿ.ಮೀ. ಬೇಕು, ಅಂಥ ಚಕ್ರವನ್ನು ಲೇತ್‌ನಲ್ಲೇ ತಿರುವಿಸಬೇಕು. ಮೊದಲ ಎಂಜಿನ್ನಾಗಿ ಡೀಸೆಲ್ಲೇ ಇರಲಿ.

ಇನ್ನು ತಿರುವು. ಭಾರತೀಯ ರೈಲ್ವೆಯಲ್ಲಿ ಮೀಟರ್‌ಗೇಜಿಗೆ ಅತಿ ಬಿಗಿಯಾದ ತಿರುವು 16 ಡಿಗ್ರಿ, ಅಂದರೆ ಸುಮಾರು 109 ಮೀಟರ್ ರೇಡಿಯಸ್. 22.5ರಿಂದ ಭಾಗಿಸಿದರೆ 4.8 ಮೀಟರ್. ನಿಮ್ಮ ಜಾಗದ ಅಗಲವೇ 5.5 ಮೀಟರ್, ಆದ್ದರಿಂದ ಅಸಲಿ ತಿರುವಿನ ಮಾತು ಬಿಡೋಣ. ಸುತ್ತಲೂ ಅರ್ಧ ಮೀಟರ್ ಕೈಯಾಡಿಸಲು, ಓಡಾಡಲು ಬಿಟ್ಟು 8 × 4.5 ಮೀಟರ್ ಉಳಿಯುತ್ತದೆ. ಅದರಲ್ಲಿ 1.5 ಮೀಟರ್ ರೇಡಿಯಸ್ಸಿನ ನಾಲ್ಕು ಮೂಲೆ ಇಟ್ಟರೆ ಸುತ್ತು ಒಟ್ಟು 22.4 ಮೀಟರ್. ಎಲ್‌ಜಿಬಿಯ ಆರ್1 ಎಂಬ 60 ಸೆಂ.ಮೀ. ತಿರುವಿನ ಸೆಟ್ಟು ಹೆಚ್ಚಾಗಿ ಸಿಗುತ್ತದೆ. ಅದು ನಾಲ್ಕು ಚಕ್ರದ ಸಣ್ಣ ವ್ಯಾಗನ್ನಿಗೆ ಸಾಕು, ನಿಮ್ಮ ಉದ್ದ ಡಬ್ಬಿಗೆ ಸಾಲದು.

ಲೆಕ್ಕ ಹೀಗೆ ಹಾಕಿ: ಎರಡು ಬೋಗಿಗಳ ನಡುವಿನ ಅಂತರದ ವರ್ಗವನ್ನು ರೇಡಿಯಸ್ಸಿನ ಎಂಟು ಪಟ್ಟಿನಿಂದ ಭಾಗಿಸಿದರೆ, ಡಬ್ಬಿಯ ನಡು ಭಾಗ ತಿರುವಿನಲ್ಲಿ ಎಷ್ಟು ಒಳಗೆ ಸರಿಯುತ್ತದೆ ಎಂಬುದು ಸಿಗುತ್ತದೆ. ಬೋಗಿ ಅಂತರ 62 ಸೆಂ.ಮೀ. ಇದ್ದರೆ 1.5 ಮೀಟರ್ ತಿರುವಿನಲ್ಲಿ 3.2 ಸೆಂ.ಮೀ., 60 ಸೆಂ.ಮೀ. ತಿರುವಿನಲ್ಲಿ 8 ಸೆಂ.ಮೀ. ಎಂಟು ಸೆಂಟಿಮೀಟರ್ ಸರಿದರೆ ಕಪ್ಲಿಂಗ್ (ಡಬ್ಬಿ ಕೂಡಿಸುವ ಕೊಂಡಿ) ತಾನೇ ಡಬ್ಬಿಯನ್ನು ಹಳಿಯಿಂದ ಎಳೆದು ಹಾಕುತ್ತದೆ. ಅಂಚಿನ ಕಂಬ, ಪ್ಲಾಟ್‌ಫಾರ್ಮ್, ಗಿಡ ಯಾವುದೂ ತಿರುವಿನ ಒಳಬದಿಗೆ ಹತ್ತಿರ ಇರದಂತೆ ನೋಡಿಕೊಳ್ಳಲು ಇದೇ ಸಂಖ್ಯೆ ಬೇಕು. ಪೂರ್ಣ ಉದ್ದದ ಡಬ್ಬಿಯ ಬದಲು ಮೂರನೇ ಎರಡು ಭಾಗಕ್ಕೆ ಮೊಟಕು ಮಾಡಿದ ಡಬ್ಬಿ ಕಟ್ಟಿಕೊಂಡರೆ ನೋಟಕ್ಕೂ ಚೆಂದ, ತಿರುವಿಗೂ ಹಗುರ.

ಸೇತುವೆಯ ಆಸೆ ಈ ಜಾಗದಲ್ಲಿ ಬಿಡಿ. ಕೆಳಗಿನ ಗಾಡಿ ದಾಟಲು, ಮೇಲಿನ ಹಳಿಯ ದಪ್ಪ ಸೇರಿ, 23 ಸೆಂ.ಮೀ. ಎತ್ತರ ಬೇಕು. ನಾಲ್ಕು ಡಬ್ಬಿ ಎಳೆಯುವ ಎಂಜಿನ್ನಿಗೆ ನೂರಕ್ಕೆ ಎರಡರ ಏರು ಸುಖ, ಮೂರು ಕಷ್ಟ. ಎರಡರ ಲೆಕ್ಕದಲ್ಲಿ ಹತ್ತಲು 11.5 ಮೀಟರ್, ಇಳಿಯಲು 11.5 ಮೀಟರ್. ನಿಮ್ಮ ಇಡೀ ಸುತ್ತೇ 22.4. ಸ್ಟೇಷನ್ನಿಗೆ ಸಮತಟ್ಟು ಜಾಗವೇ ಉಳಿಯುವುದಿಲ್ಲ. ಬದಲಿಗೆ ಒಂದು ಬದಿ ನೆಲ ತಗ್ಗಿಸಿ ಅದರ ಮೇಲೆ ಗರ್ಡರ್ ಸೇತುವೆ ಮಾಡಿ, ಹಳಿ ಸಮತಟ್ಟಾಗಿಯೇ ಇರಲಿ. ನಿಮ್ಮ ಕಂಬದ ಪದ್ಧತಿಯಲ್ಲಿ ಅದು ತಾನಾಗಿಯೇ ಬರುತ್ತದೆ.

ಕೊನೆಯದಾಗಿ ಬಿಸಿಲು. ವಿಜಯಪುರದ ಮೇ ಮಧ್ಯಾಹ್ನ ಹಿತ್ತಾಳೆ ಹಳಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಡಿಸೆಂಬರ್ ಬೆಳಗ್ಗೆ 15ಕ್ಕೆ ಇಳಿಯುತ್ತದೆ. ಹಿತ್ತಾಳೆ ಪ್ರತಿ ಮೀಟರಿಗೆ ಪ್ರತಿ ಡಿಗ್ರಿಗೆ 0.019 ಮಿ.ಮೀ. ಹಿಗ್ಗುತ್ತದೆ. 22.4 ಮೀಟರ್ ಸುತ್ತಿಗೆ 45 ಡಿಗ್ರಿ ವ್ಯತ್ಯಾಸವೆಂದರೆ 19 ಮಿ.ಮೀ. ಇದಕ್ಕೆ ಜಾಗ ಬಿಡದಿದ್ದರೆ ಹಳಿ ಪಕ್ಕಕ್ಕೆ ಬಾಗಿಯೇ ತೀರುತ್ತದೆ. 1.5 ಮೀಟರ್ ಉದ್ದದ ಹಳಿ ತುಂಡುಗಳನ್ನು ಕೂಡಿಸುವಾಗ ಪ್ರತಿ ಕೀಲಿನಲ್ಲಿ ಸಂದು ಬಿಡಿ. ಅಳೆಯಲು ಹಳೆಯ ಎಟಿಎಂ ಕಾರ್ಡ್ ಒಳ್ಳೆಯ ಸಾಧನ, ಅದರ ದಪ್ಪ 0.76 ಮಿ.ಮೀ. ಹಳಿಯ ತಾಪ 20 ಡಿಗ್ರಿ ಇರುವಾಗ ಕೂಡಿಸಿದರೆ ಎರಡು ಕಾರ್ಡಿನ ಸಂದು, 40 ಇರುವಾಗ ಒಂದು ಕಾರ್ಡು, ಮುಟ್ಟಲಾಗದಷ್ಟು ಕಾದಿದ್ದರೆ ಸಂದೇ ಬೇಡ. ಹಳಿಯನ್ನು ಬೋರ್ಡಿಗೆ ಸ್ಕ್ರೂ ಬಿಗಿದು ಕೂರಿಸಬಾರದು. ಸ್ಲೀಪರಿನ ತೂತನ್ನು ಉದ್ದಕ್ಕೆ ಹಿಗ್ಗಿಸಿ, ಸ್ಕ್ರೂ ತಲೆ ಸ್ಲೀಪರಿಗೆ ತಾಗಿಯೂ ತಾಗದಂತೆ ಬಿಡಿ. ಎರಡು ಮೀಟರಿಗೆ ಒಂದು ಸ್ಕ್ರೂ ಸಾಕು.

ಜಮಖಂಡಿ

ಕರೆಂಟಿನ ಬಗ್ಗೆ. ಹಳಿಯಿಂದಾನೂ ಆಗತೈತಿ, ಬ್ಯಾಟರಿಯಿಂದಾನೂ ಆಗತೈತಿ. ನಿಮ್ಮ ಊರಿನ ಧೂಳು, ನಿಮ್ಮ ಬೋರಿನ ನೀರು ನೋಡಿದ್ರ ಬ್ಯಾಟರಿ ಲೇಸು.

ಹಳಿಯಿಂದ ಕೊಡೂದಾದ್ರ ಬೇಕಾಗೂದು 24 ವೋಲ್ಟ್ 5 ಆಂಪಿಯರ್ ಎಸ್‌ಎಂಪಿಎಸ್ (ಮನಿ ಕರೆಂಟನ್ನ ಕಡಿಮಿ ವೋಲ್ಟಿಗೆ ಇಳಸೂ ಪೆಟ್ಟಿಗಿ), ವೇಗ ಹೆಚ್ಚು-ಕಡಿಮಿ ಮಾಡೂ ಒಂದು ಪಿಡಬ್ಲ್ಯೂಎಂ ಕಂಟ್ರೋಲರ್. ಎಸ್‌ಎಂಪಿಎಸ್ ಮನಿಯೊಳಗ ಇರಬೇಕು, 230 ವೋಲ್ಟ್ ವೈರು ತೋಟಕ್ಕ ಬರಲೇಬಾರದು. ಆ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದ್ರ ಲೈನ್ ಕಡಿಯೂ ಸ್ವಿಚ್) ಹಾಕಸ್ರಿ. ಮನಿಯಿಂದ ಹಳಿಗೆ 2.5 ಚದರ ಮಿ.ಮೀ. ತಾಮ್ರದ ವೈರು. 20 ಮೀಟರ್ ದೂರ ಇದ್ರ ಹೋಗಿ ಬರೂ ಉದ್ದ 40 ಮೀಟರ್, 3 ಆಂಪಿಯರ್ ಹರದ್ರ ಒಂದು ವೋಲ್ಟಿನ ಹತ್ತಿರ ಕಳೀತೈತಿ, ಅದು ನಡೀತೈತಿ. ಆದ್ರ ಹಳಿಯ ಕೀಲುಗಳನ್ನ ನಂಬಬಾರದು. ಮೊದಲನೇ ವರ್ಷ ಚಲೋ ಇರತಾವು, ಆಮ್ಯಾಲ ಒಳಗ ಕಪ್ಪು ಕಟ್ಟಿ ವೋಲ್ಟೇಜ್ ಇಳೀತೈತಿ. ರೈಲು ಆಚೆ ಬದಿಗೆ ಹೋದಾಗ ನಿಧಾನ ಆಗಿ, ಈಚೆ ಬಂದಾಗ ಜೋರು ಓಡಿದ್ರ ಕಾರಣ ಇದ. ಪ್ರತಿ ಕೀಲಿಗೂ 1.5 ಚದರ ಮಿ.ಮೀ. ಮೆತ್ತನ ವೈರು ಸಡಿಲ ಬಿಟ್ಟು ಬೆಸಗಿ ಹಾಕಬೇಕು, ಇಲ್ಲಾ ಸ್ಟೇನ್‌ಲೆಸ್ ಸ್ಕ್ರೂದ ಕ್ಲ್ಯಾಂಪ್ ಬಿಗೀಬೇಕು. ಬೆಸಗಿಗೆ 25 ವ್ಯಾಟ್ ಐರನ್ ಆಗಂಗಿಲ್ಲ, 8.4 ಮಿ.ಮೀ. ಎತ್ತರದ ಹಿತ್ತಾಳಿ ಹಳಿ ಕಾವನ್ನೆಲ್ಲಾ ಎಳಕೊಂಡು ಬಿಡತೈತಿ. 100 ವ್ಯಾಟ್ ಬೇಕು, ಅದೂ ಲಗೂನ ಹಿಡದು ಬಿಡಬೇಕು, ಇಲ್ಲಂದ್ರ ಪ್ಲಾಸ್ಟಿಕ್ ಸ್ಲೀಪರ್ ಕರಗತೈತಿ.

ಇಷ್ಟೆಲ್ಲಾ ಮಾಡಿದ್ರೂ ಪ್ರತಿ ಸಲ ಓಡಸೂ ಮೊದಲು ಹಳಿ ತಲಿ ಒರಸಲೇಬೇಕು. ಗಡಸು ನೀರು ಬಿದ್ದು ಒಣಗಿದಲ್ಲಿ ಬಿಳಿ ಸುಣ್ಣದ ಪದರ ಕೂಡತೈತಿ, ಅದರ ಮ್ಯಾಲ ಚಕ್ರಕ್ಕ ಕರೆಂಟು ಸಿಗಂಗಿಲ್ಲ. ಒರಸಾಕ ಹಸಿರು ಸ್ಕ್ರಬ್ ಪ್ಯಾಡ್, ಐಸೋಪ್ರೊಪೈಲ್ ಆಲ್ಕೋಹಾಲ್. ಸ್ಟೀಲ್ ವುಲ್ ಮುಟ್ಟಬ್ಯಾಡ್ರಿ, ಅದರ ಎಳಿ ಉದುರಿ ಮೋಟಾರಿನ ಮ್ಯಾಗ್ನೆಟ್ಟಿಗೆ ಅಂಟಿ ಶಾರ್ಟ್ ಮಾಡತಾವು. ಒರಟು ಪಾಲಿಶ್ ಪೇಪರ್ ಸಹ ಬ್ಯಾಡ, ಗೀರು ಬಿದ್ದಲ್ಲಿ ಕೊಳಿ ಮತ್ತ ಬೇಗ ಕೂಡತೈತಿ.

ಬ್ಯಾಟರಿ ಆದ್ರ ಈ ತಲಿಬ್ಯಾನಿ ಒಂದೂ ಇಲ್ಲ. 18650 (ಉರುಟು ಲಿಥಿಯಂ) ಸೆಲ್ ನಾಲ್ಕು ಸರಣಿಯಾಗಿ ಕೂಡಿಸಿದ್ರ 14.8 ವೋಲ್ಟ್, ಪೂರ್ತಿ ಚಾರ್ಜಿಗೆ 16.8. 2600 ಮಿಲಿಆಂಪ್-ಅವರ್ ಸೆಲ್ ಇದ್ದು ಎಂಜಿನ್ ಸರಾಸರಿ ಒಂದು ಆಂಪಿಯರ್ ಎಳದ್ರ ಎರಡರಿಂದ ಎರಡೂವರೆ ತಾಸು ಓಡತೈತಿ. ಬೇಕಾಗೂದು: 4ಎಸ್ ಬಿಎಂಎಸ್ ಬೋರ್ಡ್ (ನಾಲ್ಕು ಸೆಲ್ ಕಾಯೂ ಸರ್ಕ್ಯೂಟ್), 5 ಆಂಪಿಯರ್ ಫ್ಯೂಸ್ ಪ್ಯಾಕಿನ ಪಾಸಿಟಿವ್ ಬದಿಗೆ ಅಂಟಿಕೊಂಡಂಗ, 2.4 ಗಿಗಾಹರ್ಟ್ಸ್ ರಿಮೋಟಿನ ರಿಸೀವರ್, ಹಿಂದ-ಮುಂದ ತಿರುಗಸೂ ಬ್ರಷ್ಡ್ ಮೋಟಾರ್ ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಕ), ಚಾರ್ಜಿಂಗ್ ಸಾಕೆಟ್. ಎಂಜಿನ್ನಿನೊಳಗ ಜಾಗ ಸಾಲದಿದ್ರ ಹಿಂದಿನ ಲಗೇಜ್ ಡಬ್ಬಿಯಾಗ ಪ್ಯಾಕ್ ಇಟ್ಟು ಎರಡು ವೈರು ಮುಂದ ತರ್ರಿ.

ಇದರಿಂದ ಇನ್ನೊಂದು ಲಾಭ, ಹಳಿ ಹಿತ್ತಾಳಿ ಇರಬೇಕಂತ ಏನಿಲ್ಲ. 10 × 3 ಮಿ.ಮೀ. ಅಲ್ಯೂಮಿನಿಯಂ ಪಟ್ಟಿ ನಿಲ್ಲಿಸಿ, ಸ್ಲೀಪರ್ 3ಡಿ ಪ್ರಿಂಟ್ ಮಾಡಿಸಿಕೊಂಡ್ರ ಖರ್ಚು ಭಾಳ ಇಳೀತೈತಿ. ಅಲ್ಯೂಮಿನಿಯಂ ಹಿತ್ತಾಳಿಗಿಂತ ಹೆಚ್ಚು ಹಿಗ್ಗತೈತಿ, ಮೀಟರಿಗೆ ಡಿಗ್ರಿಗೆ 0.023 ಮಿ.ಮೀ. ಹಿಂಗಾಗಿ ಕಾರ್ಡಿನ ಲೆಕ್ಕಕ್ಕ ಕಾಲು ಭಾಗ ಹೆಚ್ಚು ಸಂದು ಬಿಡ್ರಿ. ಸ್ಲೀಪರಿಗೆ ಪಿಎಲ್‌ಎ ಅನ್ನೂ ಪ್ಲಾಸ್ಟಿಕ್ ಬ್ಯಾಡ, ಅದು 60 ಡಿಗ್ರಿಗೇ ಮೆತ್ತಗಾಗತೈತಿ, ನಮ್ಮ ಬ್ಯಾಸಗ್ಯಾಗ ಹಳಿ ಹಿಡಿಯೂ ಕಿವಿ ಬಾಗಿ ಗೇಜು ಅಗಲ ಆಗತೈತಿ. ಎಬಿಎಸ್ ಕಾವು ತಡೀತೈತಿ, ಆದ್ರ ಬಿಸಿಲಿಗೆ ಪುಡಿ ಆಗತೈತಿ. ಎಎಸ್‌ಎ ಒಂದ ಎರಡನ್ನೂ ತಡಿಯೂದು. ಮೀಟರಿಗೆ 28–30 ಸ್ಲೀಪರ್ ಹಾಕಿದ್ರ ನಮ್ಮ ಮೀಟರ್‌ಗೇಜಿನ ನೋಟ ಬರತೈತಿ.

ಜಲನಗರ, ವಿಜಯಪುರ

ಭಾಳ ಉಪಕಾರ ಆಯ್ತರಿ ಎಲ್ಲರದೂ. ಕಂಬ, 1.5 ಮೀಟರ್ ತಿರುವು, ಬ್ಯಾಟರಿ ಅಂತ ಗಟ್ಟಿ ಆಯ್ತು. ಸ್ಟೇಷನ್ ಬದಿಗೆ ಒಂದು ಐದು ಮೀಟರ್ ಮಾತ್ರ ಗರಸು ತುಂಬಿ ನೆಲಕ್ಕ ಹಾಸೋಣ ಅಂತ ವಿಚಾರ. ಅಲ್ಲಿ ಗಿಟ್ಟಿ ಯಾವ ಸೈಜಿಂದು ಹಾಕಬೇಕು? ಗಿಟ್ಟಿಯೊಳಗ ಒಣ ಸಿಮೆಂಟು ಕಲಸಿ ನೀರು ಹೊಡದು ಗಟ್ಟಿ ಮಾಡ್ತಾರಲ್ಲ, ಅದು ಚಲೋನೋ ಹೆಂಗೋ? ಮತ್ತ ಒಂದು ಸುರಂಗ, ಸುತ್ತ ಸ್ವಲ್ಪ ಗಿಡ ಬೇಕು.

ನವನಗರ, ಬಾಗಲಕೋಟೆ

ಗಿಟ್ಟಿ ಅಂದ್ರ ಕ್ರಷರಿನಾಗ ಸಿಗೂ ಸಣ್ಣ ಚಿಪ್ಸ್. 6 ಮಿ.ಮೀ. ಜಾಳಗಿಯಿಂದ ಕೆಳಗ ಬಿದ್ದು 2 ಮಿ.ಮೀ. ಜಾಳಗಿ ಮ್ಯಾಲ ಉಳಿಯೂದಷ್ಟ ತಗೋರಿ. ಅಂಚು ಚೂಪು ಇರಬೇಕು, ಒಂದಕ್ಕೊಂದು ಕಚ್ಚಿಕೊಂಡು ನಿಲ್ಲತಾವು. ಹೊಳಿ ಉಸುಕು ಉರುಳತೈತಿ, ಸ್ಲೀಪರ್ ಹಿಡಿಯಂಗಿಲ್ಲ. ತಂದ ಮ್ಯಾಲ ನೀರಾಗ ತೊಳದು ಪುಡಿ ತಗದುಬಿಡ್ರಿ. ಪುಡಿ ಉಳದ್ರ ನೀರು ಕೆಳಗ ಇಳಿಯಂಗಿಲ್ಲ, ಕಸದ ಬೀಜ ಅಲ್ಲೇ ಮೊಳೀತಾವು, ಇರವಿ ಗೂಡು ಕಟ್ಟತಾವು. 15 ಸೆಂ.ಮೀ. ಅಗಲ, 4 ಸೆಂ.ಮೀ. ದಪ್ಪ ಅಂದ್ರ ಐದು ಮೀಟರಿಗೆ ಒಂದು ಘನ ಅಡಿ ಸಾಕು, 45 ಕಿಲೋದ ಆಸುಪಾಸು. ಗರಸಿನ ಮ್ಯಾಲ ಜಿಯೋಟೆಕ್ಸ್‌ಟೈಲ್ ಬಟ್ಟಿ ಹಾಸಿ ಆಮ್ಯಾಲ ಗಿಟ್ಟಿ ಹಾಕ್ರಿ, ಇಲ್ಲಂದ್ರ ಮಳಿಯಾಗ ಕೆಳಗಿನ ಸಣ್ಣ ಮಣ್ಣು ಮ್ಯಾಲ ಬಂದು ಗಿಟ್ಟಿ ಕೆಸರಾಗತೈತಿ.

ಸಿಮೆಂಟ್ ಬ್ಯಾಡ. ಹಳಿ ಹಿಗ್ಗಾಕ ಜಾಗ ಬಿಡ್ರಿ ಅಂತ ಮ್ಯಾಲ ಅಷ್ಟು ಲೆಕ್ಕ ಹೇಳ್ಯಾರ, ಸಿಮೆಂಟ್ ಹಾಕಿದ್ರ ಸ್ಲೀಪರ್ ಕಚ್ಚಿ ಹಿಡದು ಆ ಜಾಗಾನ ಮುಚ್ಚತೈತಿ. ಬುಡದ ನೆಲ ಒಂದು ಕಡೆ ಕುಂತ್ರ ಗಟ್ಟಿ ಗಿಟ್ಟಿ ಸೀಳತೈತಿ. ಸಡಿಲ ಗಿಟ್ಟಿ ಇದ್ರ ಹಳಿ ಎತ್ತಿ, ಸ್ಲೀಪರ್ ಬುಡಕ್ಕ ಗಿಟ್ಟಿ ತುರುಕಿ, ಸಣ್ಣ ಕಟ್ಟಗಿ ತುಂಡಿನಿಂದ ತಟ್ಟಿದ್ರ ಹತ್ತು ನಿಮಿಷದ ಕೆಲಸ.

ಟಿಳಕವಾಡಿ, ಬೆಳಗಾವಿ

ನವನಗರದವರ ಮಾತು ವಿಜಯಪುರಕ್ಕೆ ಒಪ್ಪುತ್ತದೆ, ಎಲ್ಲ ಕಡೆಗೂ ಅಲ್ಲ. ಬೆಳಗಾವಿಯಲ್ಲಿ ಮಳೆ ನಿಮಗಿಂತ ಸುಮಾರು ಎರಡು ಪಟ್ಟು, ಜುಲೈನಲ್ಲಿ ಬಿಡದೆ ಸುರಿಯುತ್ತದೆ. ಇಳಿಜಾರಿನಲ್ಲಿ ಸಡಿಲ ಗಿಟ್ಟಿ ಒಂದೇ ವಾರಕ್ಕೆ ಕೆಳಗೆ ಬರುತ್ತದೆ. ಇಲ್ಲಿ ಸ್ಲೀಪರಿನ ತುದಿಯಿಂದ ಆಚೆ, ಹೊರ ಅಂಚಿನ ಮೂರು ಸೆಂಟಿಮೀಟರಿಗೆ ಮಾತ್ರ 1:8 ಒಣ ಸಿಮೆಂಟ್ ಮಿಶ್ರಣ ಹಾಕಿ ಗಟ್ಟಿ ಮಾಡುವುದು ಒಳ್ಳೆಯದು. ಸ್ಲೀಪರಿನ ನಡುವೆ, ಕೆಳಗೆ ಸಡಿಲವೇ ಇರಲಿ. ಪ್ರತಿ ಎರಡು ಮೀಟರಿಗೆ ಹಳಿಯ ಅಡಿಯಲ್ಲಿ 50 ಮಿ.ಮೀ. ಪಿವಿಸಿ ಪೈಪಿನ ಮೋರಿ ಬಿಡಬೇಕು. ನಿಮ್ಮಲ್ಲೂ ಮಳೆ ಕಡಿಮೆ ಎಂದು ಮೋರಿ ಬಿಡದೆ ಇರಬೇಡಿ, ಸೆಪ್ಟೆಂಬರಿನ ಗುಡುಗು ಮಳೆ ಒಂದು ತಾಸಿನಲ್ಲಿ ಸುರಿಯುವುದನ್ನು ಒಣ ಗರಸು ಹೀರುವುದಿಲ್ಲ.

ಪಾಯಿಂಟ್ಸ್ (ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗ) ಇರುವ ಕಡೆ ಗಿಟ್ಟಿ ಬೇಡವೇ ಬೇಡ. ಒಂದು ಕಾಳು ಅದರ ಸರಿದಾಡುವ ನಾಲಿಗೆಗೂ ಹಳಿಗೂ ನಡುವೆ ಸಿಕ್ಕಿದರೆ ಗಾಡಿ ಬೀಳುತ್ತದೆ. ಅದರ ಕೆಳಗೆ ಫರಸಿ ಕಲ್ಲಿನ ತುಂಡು ಇಟ್ಟು, ಚಲಿಸುವ ಭಾಗದಲ್ಲಿ ಖಾಲಿ ಬಿಡಿ.

ಗೋಕಾಕ

ಗಿಡ, ಸುರಂಗ ನನ್ನ ಪಾಲಿಗೆ ಇರಲಿ.

ಸುರಂಗದ ಒಳ ಅಗಲ ನೇರದಲ್ಲಿ 22, ತಿರುವಿನಲ್ಲಿ 28 ಸೆಂ.ಮೀ., ಹಳಿ ತಲೆಯಿಂದ ಎತ್ತರ 25. ಉದ್ದ ಎಷ್ಟೇ ಇರಲಿ, ಎರಡೂ ಬದಿಯಿಂದ ಕೈ ಹಾಕಿದರೆ ನಡು ಸಿಗಬೇಕು. ಅಂದರೆ 1.2 ಮೀಟರ್ ಒಳಗೆ. ಅದಕ್ಕಿಂತ ಉದ್ದ ಬೇಕಿದ್ದರೆ ಮೇಲಿನ ಒಂದು ಫರಸಿಯನ್ನು ಎತ್ತಲು ಬರುವಂತೆ ಸಡಿಲ ಬಿಡಬೇಕು. ಗೋಡೆ ಫರಸಿಯದೇ ಆಗಲಿ, ಮೇಲೆ ಮಣ್ಣು ಹಾಕಿ ಗಿಡ ನೆಡಬಹುದು. ಸುರಂಗದೊಳಗೆ ಪಾಯಿಂಟ್ಸ್, ಹಳಿಯ ಕೀಲು ಎರಡೂ ಬೇಡ. ರೈಲು ಓಡದಾಗ ಎರಡೂ ಬಾಯಿಗೆ ಜಾಳಿಗೆ ಬಾಗಿಲು ಹಾಕಿ. ತಂಪು, ಕತ್ತಲೆ ಸಿಕ್ಕರೆ ಬೇಸಿಗೆಯಲ್ಲಿ ಹಾವು, ಚೇಳು ಬಂದೇ ಬರುತ್ತವೆ. ಕೈ ಹಾಕುವ ಮೊದಲು ಟಾರ್ಚ್ ಹಾಕಿ ನೋಡುವುದನ್ನು ಒಂದು ಸಲವೂ ಬಿಡಬೇಡಿ, ಮಕ್ಕಳಿಗೆ ಮೊದಲು ಇದನ್ನೇ ಕಲಿಸಿ.

ಗಿಡಕ್ಕೆ ಸ್ಪ್ರಿಂಕ್ಲರ್ ಬೇಡ, ಗಡಸು ನೀರು ಎಲ್ಲದರ ಮೇಲೂ ಸುಣ್ಣ ಕೂರಿಸುತ್ತದೆ. ನಿಮ್ಮಲ್ಲಿ ದ್ರಾಕ್ಷಿ ತೋಟದವರಿಂದಾಗಿ ಡ್ರಿಪ್ ಸಾಮಾನು ಎಲ್ಲ ಕಡೆ ಸಿಗುತ್ತದೆ: 16 ಮಿ.ಮೀ. ಲ್ಯಾಟರಲ್ (ಡ್ರಿಪ್ಪಿನ ಸಣ್ಣ ಪೈಪು), ತಾಸಿಗೆ 2 ಲೀಟರ್ ಬಿಡುವ ಡ್ರಿಪ್ಪರ್. ಹಳಿಯ ಕಂಬದಿಂದ ಡ್ರಿಪ್ಪರ್ ಕನಿಷ್ಠ 60 ಸೆಂ.ಮೀ. ದೂರ ಇರಲಿ, ಇಲ್ಲವಾದರೆ ಆ ಒಂದು ಕಂಬದ ಬುಡ ಮಾತ್ರ ಉಬ್ಬುತ್ತದೆ. ಎಲೆ ಸಣ್ಣದಿರುವ ಗಿಡ ಆರಿಸಿ. ಜೇಡ್ ಗಿಡ ಕತ್ತರಿಸಿದಷ್ಟೂ ದಪ್ಪ ಬೊಡ್ಡೆಯ ಮರದಂತೆ ಕಾಣುತ್ತದೆ, ನೀರು ಕಡಿಮೆ ಸಾಕು. ನೆಲಕ್ಕೆ ಹತ್ತು ಗಂಟೆ ಹೂವು ಬಿಸಿಲಲ್ಲೇ ಚೆನ್ನಾಗಿ ಹಬ್ಬುತ್ತದೆ. ಆಲ, ಅರಳಿ ಜಾತಿಯ ಯಾವುದನ್ನೂ ನೆಲಕ್ಕೆ ನೆಡಬೇಡಿ. ಬೇಕೇ ಬೇಕೆಂದರೆ ಕುಂಡದಲ್ಲಿ ಇಟ್ಟು, ಕುಂಡವನ್ನು ಹೂಳಿ. ಬೇರು ಹೊರಬಿದ್ದರೆ ಫರಸಿಯನ್ನೂ ಎತ್ತುತ್ತದೆ.

ಕಸದಲ್ಲಿ ಕಾಂಗ್ರೆಸ್ ಕಸ ಕಿತ್ತರೆ ಹೋಗುತ್ತದೆ, ಹೂ ಬಿಡುವ ಮೊದಲು ಕೀಳಬೇಕು ಅಷ್ಟೆ. ಕರಕಿ ಮತ್ತು ಜೇಕು ಹಾಗಲ್ಲ. ಜೇಕಿನ ಮೊಳಕೆ ಪ್ಲಾಸ್ಟಿಕ್ ಹಾಳೆಯನ್ನೇ ತೂತು ಮಾಡಿಕೊಂಡು ಮೇಲೆ ಬರುತ್ತದೆ, ಮೇಲಿನ ಎಲೆ ಕಿತ್ತರೆ ಕೆಳಗಿನ ಗಡ್ಡೆ ಮತ್ತೆ ಚಿಗುರುತ್ತದೆ. ಗರಸು ತುಂಬುವ ಮೊದಲೇ ಗಡ್ಡೆ ಸಮೇತ ಅಗೆದು ಆರಿಸಿ ತೆಗೆಯಿರಿ, ಆಮೇಲೆ ಹಳಿಯ ಅಡಿಯಿಂದ ತೆಗೆಯುವುದು ಬಲು ಪಡಿಪಾಟಲು.

ಟಿಳಕವಾಡಿ, ಬೆಳಗಾವಿ

ಓಡಿಸಲು ಶುರು ಮಾಡಿದ ಮೇಲೆ ಗಾಡಿ ಬೀಳುವುದು ಇದ್ದದ್ದೇ. ಹುಡುಕುವ ಕ್ರಮ ಹೇಳಿಬಿಡುತ್ತೇನೆ. ಒಂದೇ ಜಾಗದಲ್ಲಿ ಎಲ್ಲ ಡಬ್ಬಿಗಳೂ ಬಿದ್ದರೆ ತಪ್ಪು ಹಳಿಯದು, ಎಲ್ಲ ಕಡೆ ಒಂದೇ ಡಬ್ಬಿ ಬಿದ್ದರೆ ತಪ್ಪು ಚಕ್ರದ್ದು. ಹಳಿಯದಾದರೆ ಮೊದಲು ಕ್ಯಾಲಿಪರ್‌ನಲ್ಲಿ ಎರಡು ಹಳಿಗಳ ಒಳ ಅಂತರ 45 ಮಿ.ಮೀ. ಇದೆಯೇ ನೋಡಿ. ಆಮೇಲೆ ಸಣ್ಣ ಮಟ್ಟಪಟ್ಟಿಯನ್ನು ಹಳಿಗೆ ಅಡ್ಡ ಇಟ್ಟು ಬಿದ್ದ ಜಾಗದಿಂದ ಹಿಂದಕ್ಕೆ ಹತ್ತು ಹತ್ತು ಸೆಂಟಿಮೀಟರ್ ಸರಿಸುತ್ತಾ ಹೋಗಿ. 30 ಸೆಂ.ಮೀ. ಒಳಗೆ ಒಂದು ಹಳಿ ಇನ್ನೊಂದಕ್ಕಿಂತ 2 ಮಿ.ಮೀ. ಏರಿ ಇಳಿದಿದ್ದರೆ ಅಲ್ಲೇ ತಿರುಚಿದೆ. ಆ ಕಂಬದ ನಟ್ಟು ಅರ್ಧ ಸುತ್ತು. ಚಕ್ರದ್ದಾದರೆ ಎರಡು ಚಕ್ರಗಳ ಒಳಮುಖದ ಅಂತರ ಅಳೆಯಿರಿ, ಸುಮಾರು 40 ಮಿ.ಮೀ. ಇರಬೇಕು. ಪ್ಲಾಸ್ಟಿಕ್ ಆಕ್ಸಲ್ ಮೇಲಿನ ಚಕ್ರ ಬಿಸಿಲಿಗೆ ಸಡಿಲವಾಗಿ ಸರಿದಿರುತ್ತದೆ, ಪಾಯಿಂಟ್ಸ್ ಮೇಲೆ ಮಾತ್ರ ಬೀಳುವ ಡಬ್ಬಿಗೆ ಹೆಚ್ಚಾಗಿ ಇದೇ ರೋಗ. ಲೋಹದ ಚಕ್ರಕ್ಕೆ ಬದಲಿಸಿದರೆ ಡಬ್ಬಿಯ ಕೆಳಭಾಗಕ್ಕೆ ತೂಕವೂ ಬಂದು ಹಳಿಯ ಮೇಲೆ ಸ್ಥಿರವಾಗಿ ನಿಲ್ಲುತ್ತದೆ.

ಜಮಖಂಡಿ

ಇದೊಂದು ಸೇರಸ್ರಿ ಸರ. ಓಡಿಸಿ ಮುಗದ ಮ್ಯಾಲ ಎಂಜಿನ್ನು ಬಿಸಲಾಗ ಬಿಡಬ್ಯಾಡ್ರಿ, ಮುಚ್ಚಿದ ದೇಹದೊಳಗ ಕಾವು ಹೊರಗಿನಕ್ಕಿಂತ ಭಾಳ ಏರತೈತಿ. ಲಿಥಿಯಂ ಸೆಲ್ 45 ಡಿಗ್ರಿ ದಾಟಿದಾಗ ಚಾರ್ಜಿಗೆ ಹಾಕಬಾರದು, ಒಳಗ ತಂದು ಒಂದು ತಾಸು ಆರಿಸಿ ಆಮ್ಯಾಲ ಹಾಕ್ರಿ. ಮಿರಗದ ಮಳಿ ಹಿಡದ ಮ್ಯಾಲ ತಿಂಗಳುಗಟ್ಟಲೆ ಓಡಸೂದಿಲ್ಲ ಅಂದ್ರ ಪೂರ್ತಿ ಚಾರ್ಜ್ ಮಾಡಿ ಇಡಬ್ಯಾಡ್ರಿ, ಸೆಲ್ಲಿಗೆ 3.7–3.8 ವೋಲ್ಟ್ ಇದ್ದಾಗ ಫ್ಯೂಸ್ ತಗದು ತಂಪಿನ್ಯಾಗ ಇಡ್ರಿ. ಬಿಎಂಎಸ್ ಬೋರ್ಡ್ ಸುಮ್ಮ ಇದ್ರೂ ಸ್ವಲ್ಪ ಸ್ವಲ್ಪ ಕರೆಂಟು ತಿನ್ನತಿರತೈತಿ, ಎರಡು ತಿಂಗಳಿಗೊಮ್ಮೆ ಮಲ್ಟಿಮೀಟರ್ ಹಿಡದು ನೋಡ್ರಿ. ಉಬ್ಬಿದ ಸೆಲ್ ಕಂಡ್ರ ಮತ್ತ ಚಾರ್ಜಿಗೆ ಹಾಕಲೇಬ್ಯಾಡ್ರಿ. ಪ್ಯಾಕ್ ಹೊಸಾದು ಮಾಡಸೂ ಮುಂದ ನಾಲ್ಕೂ ಸೆಲ್ ಒಂದೇ ಕಂಪನಿ, ಒಂದೇ ಬ್ಯಾಚಿಂದು ತಗೋರಿ.